ಕೊನೆ ಕೇಳದೆ ಇಟ್ಟ ಹೆಸರು

"ದಬ್ಬಣ ಎಲ್ಲಿಟ್ಟೆ?" ಎಂದು ಕೇಳಿ ಹಾಸಿಗೆಯವ ಕೈ ಚಾಚಿಕೊಂಡೇ ಕೂತಿದ್ದ. ಉತ್ತರ ಬರಲಿಲ್ಲ. ಮಗಳು ಅವನಿಗೆ ಎಡಮಗ್ಗುಲಾಗಿ ಕೂತು ಹಳೆಯ ಹಾಸಿಗೆಯ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. ಬ್ಲೇಡು ದಾರಕ್ಕೆ ತಾಗಿದಾಗಲೆಲ್ಲ ಬಟ್ಟೆ ಒಂದಿಷ್ಟು ಬಾಯಿಬಿಡುತ್ತಿತ್ತು, ಒಳಗಿನಿಂದ ಬೂದು ಬಣ್ಣಕ್ಕೆ ತಿರುಗಿದ ಹತ್ತಿ ಇಣುಕುತ್ತಿತ್ತು. ಅವಳ ಎಡಗಿವಿ ಹೋಗಿ ವರ್ಷ ದಾಟಿದ್ದರೂ ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ. ಮಂಡಿ ಹಿಡಿದುಕೊಂಡು ಎದ್ದ, ಹತ್ತಿಯ ಗುಡ್ಡೆಯನ್ನು ಬಳಸಿ ಅವಳ ಬಲಗಡೆಗೆ ಬಂದ, ಮತ್ತೆ ಕೇಳಿದ.

"ನಿನ್ನ ತಲೆ ಮೇಲೇ ಇದೆಯಲ್ಲಪ್ಪ, ಟವೆಲಿಗೆ ಸಿಕ್ಕಿಸ್ಕೊಂಡಿದ್ದೀಯ," ಎಂದಳು ಮಗಳು, ಕೆಲಸದಿಂದ ಕಣ್ಣೆತ್ತದೆ. "ನನಗೆ ಕಿವಿ ಇಲ್ಲ, ನಿನಗೆ ಕಣ್ಣಿಲ್ಲ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಂದು ಪೂರ್ತಿ ಆಳಾಗುತ್ತೆ."

ಒಳಗಿನ ಕೋಣೆಯಿಂದ ಮುದಿ ನಗುವೊಂದು ಕೆಮ್ಮಿನ ಜೊತೆ ಬೆರೆತು ಬಂತು. ವಾಚಕರು ಎಚ್ಚರವಾಗಿದ್ದರು.

ಅದು ವಾಚಕರ ಮನೆಯ ಹಿಂದಿನ ಜಗಲಿ. ಬೀದಿಯ ಕೊನೆಯಲ್ಲಿದ್ದ ಪದ್ಯದ ಮನೆಯಲ್ಲಿ ಒಂದು ಕಾಲಕ್ಕೆ ಪ್ರತಿ ಸಂಜೆ ಹಳೆಯ ಕಾವ್ಯಗಳನ್ನು ಹಾಡಿ ಅರ್ಥ ಹೇಳುತ್ತಿದ್ದವರು ಅವರು. ಈಗ ಪದ್ಯದ ಮನೆಗೆ ಬೀಗ ಬಿದ್ದಿತ್ತು, ವಾಚಕರು ಮಂಚ ಹಿಡಿದಿದ್ದರು. ಮಲಗಿ ಮಲಗಿ ಬೆನ್ನು ಹುಣ್ಣಾಗಿದೆ, ಹಾಸಿಗೆಯೋ ಕಲ್ಲುಗಂಟು, ಬಂದು ಬಿಚ್ಚಿ ಹೊಸದಾಗಿ ತುಂಬಿಕೊಡಿ ಎಂದು ಅವರ ಸೊಸೆ ಹೇಳಿಕಳಿಸಿದ್ದಳು. ಆ ಹಾಸಿಗೆಯನ್ನು ಎಷ್ಟೋ ವರ್ಷದ ಹಿಂದೆ ಹೊಲಿದವನು ಹಾಸಿಗೆಯವನೇ. ಮೂಲೆಯಲ್ಲಿ ತನ್ನದೇ ಎಳೆಹರೆಯದ ಹೊಲಿಗೆ, ಉದ್ದುದ್ದ, ಅವಸರದ್ದು. ನೋಡಿ ಅವನಿಗೆ ನಾಚಿಕೆಯಾಯಿತು.

ಒಬ್ಬನೇ ಬರಬೇಕೆಂದಿದ್ದ. ಮಗಳನ್ನು ಈ ಮನೆಗೆ ಕರೆತರುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. "ಆಸ್ಪತ್ರೆಗೆ ಸೇರೋಳು, ನಾಲ್ಕು ದಿನ ಸುಮ್ಮನೆ ಇರು," ಎಂದಿದ್ದ. "ಸೇರಿದ ಮೇಲೆ ಸುಮ್ಮನೆ ಇರೋದೇ ತಾನೇ," ಎಂದು ಅವಳು ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಅವನಿಗಿಂತ ಮುಂದಾಗಿ ಹೊರಟಿದ್ದಳು.

ಸೋಮವಾರ ಅವಳಿಗೆ ಆಪರೇಷನ್ನಿತ್ತು. ಎಡಗಿವಿಯನ್ನು ತಿಂದಂಥದೇ ಗಂಟು ಈಗ ಬಲಗಿವಿಯ ನರದ ಮೇಲೂ ಕೂತಿತ್ತು. ಬಿಟ್ಟರೆ ಮಿದುಳಿಗೆ ಒತ್ತಿ ಜೀವಕ್ಕೇ ಸಂಚಕಾರ. ತೆಗೆದರೆ ಜೀವ ಉಳಿಯಬಹುದು, ಕೇಳುವುದು ಉಳಿಯುವುದಿಲ್ಲ. ಡಾಕ್ಟರು ಇದನ್ನು ಹೇಳಿದ ದಿನ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಮಗಳೇ ಅವನ ತೋಳು ಹಿಡಿದು ಎಬ್ಬಿಸಿದ್ದಳು. ಅಂದಿನಿಂದ ಅವಳು ಶಬ್ದಗಳನ್ನು ಒಂದೊಂದಾಗಿ ಆರಿಸಿ ಒಳಗಿಟ್ಟುಕೊಳ್ಳತೊಡಗಿದ್ದಳು. ಅಂಗಡಿಯ ಶಟರು ಏಳುವ ಸದ್ದು, ನೀರು ಕಾಯುವ ಸದ್ದು, ಬಿಲ್ಲಿನ ತಂತಿ ಹತ್ತಿಯೊಳಗೆ ಹೊಕ್ಕು ಝೇಂಕರಿಸುವ ಸದ್ದು. ಪಕ್ಕದಂಗಡಿಯ ಬೀಗದವ ಮಧ್ಯಾಹ್ನ ಗೊರಕೆ ಹೊಡೆಯುವುದನ್ನೂ ನಿಂತು ಕೇಳುತ್ತಿದ್ದಳು. "ಇದನ್ನೂ ಇಟ್ಕೋಬೇಕೇನೇ?" ಎಂದು ಅವನು ಕೇಳಿದರೆ, "ಒಳ್ಳೇದನ್ನ ಮಾತ್ರ ಆರಿಸ್ಕೊಂಡ್ರೆ ಆಮೇಲೆ ಬೇಜಾರಾಗುತ್ತಪ್ಪ," ಎನ್ನುತ್ತಿದ್ದಳು.

ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಅವಳು ಅರಳೆ. ಹಿಂಜಿದ ಹತ್ತಿಯ ರಾಶಿಯಲ್ಲಿ ಮಲಗಿ ಬೆಳೆದ ಕೂಸಿಗೆ ಅಪ್ಪ ಕೊಟ್ಟ ಅಡ್ಡಹೆಸರು ಅದು. ಇಟ್ಟ ಹೆಸರು ಬೇರೆಯಿತ್ತು. ಆ ಹೆಸರನ್ನು ಇಟ್ಟವನೂ ಅವನೇ, ಅದನ್ನು ಬಾಯಿಂದ ತೆಗೆದುಹಾಕಿದವನೂ ಅವನೇ.

ಆಗ ಹಾಸಿಗೆಯವನ ಮೀಸೆ ಕಪ್ಪಗಿತ್ತು. ಓದು ಬರಹ ಅಷ್ಟಕ್ಕಷ್ಟೆ. ಕೇಳಿದ್ದು ಮಾತ್ರ ಮೈಗೆ ಹತ್ತುತ್ತಿತ್ತು. ಸಂಜೆ ಶಟರು ಎಳೆದವನೇ ಕೂದಲಲ್ಲಿ ಹತ್ತಿಯೆಳೆ ಇದ್ದಂತೆಯೇ ಪದ್ಯದ ಮನೆಗೆ ಹೋಗಿ, ಹಿಂದಿನ ಕಂಬಕ್ಕೆ ಒರಗದೆ, ಕೈಮುಗಿದು ಕೂತುಬಿಡುತ್ತಿದ್ದ. ದೇವರ ಮುಂದೆ ಕೂತರೂ ಅವನ ಮನಸ್ಸು ಅಷ್ಟು ನಿಲ್ಲುತ್ತಿರಲಿಲ್ಲ. ಮರುದಿನ ಬಿಲ್ಲಿನ ಒಂದೊಂದು ಪೆಟ್ಟಿಗೂ ಪದ್ಯ ತಾನಾಗಿ ಬಾಯಿಗೆ ಬರುತ್ತಿತ್ತು. ಆ ವರ್ಷ ವಾಚಕರು ಎತ್ತಿಕೊಂಡದ್ದು ಬಲು ದೊಡ್ಡ ಕಾವ್ಯ, ಒಂದು ಮಳೆಗಾಲಕ್ಕೆ ತೊಡಗಿದರೆ ಇನ್ನೊಂದು ಮಳೆಗಾಲಕ್ಕೆ ಮುಗಿಯುವಂಥದು. ಅದರ ನಟ್ಟನಡುವೆ ಒಬ್ಬ ಹೆಂಗಸು ಬಂದಳು. ರಾಣಿಯಲ್ಲ, ದೇವತೆಯಲ್ಲ. ಕಡಲ ದಂಡೆಯ ಗುಡ್ಡದ ಮೇಲೆ ದಿನಾ ಸಂಜೆ ದೀಪ ಹಚ್ಚಿ, ದೋಣಿಗಳಿಗೆ ಮನೆಯ ದಿಕ್ಕು ತೋರಿಸುವವಳು. ವಾಚಕರು ಅವಳನ್ನು ಹಾಡಿದ ಸಂಜೆ ಪದ್ಯದ ಮನೆಯಲ್ಲಿ ಯಾರೂ ಕೆಮ್ಮಲಿಲ್ಲ.

ಎತ್ತಿ ಹಿಡಿದಳು ಕೈಯ ದೀಪವ
ಕತ್ತಲಿನ ಕಡಲೊಳಗೆ ಹಾದಿಯು
ಮೆತ್ತಗೊಂದೆಳೆಯಾಗಿ ತೆರೆಯಿತು ಮನೆಗೆ ಬರುವರಿಗೆ

ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಅವನು ಹೋಗಿ ಊಟಕ್ಕೂ ಕೂರದೆ ಅದನ್ನು ಹೇಳಿದ, ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಹೆಣ್ಣು ಹುಟ್ಟಿತು. ದೀಪದವಳ ಹೆಸರು ಬಿಟ್ಟು ಬೇರೆ ಹುಡುಕುವ ಮಾತೇ ಬರಲಿಲ್ಲ. ಅರ್ಥ ಕೇಳಿಕೊಂಡು ಬರಲು ವಾಚಕರ ಬಳಿ ಹೋದರೆ ಅವರು ಅವನನ್ನು ಒಂದು ಗಳಿಗೆ ಸುಮ್ಮನೆ ನೋಡಿ, "ಹಳೆಯ ಭಾಷೆಯ ಹೆಸರಪ್ಪ. ದೀಪ ಎತ್ತಿ ಹಿಡಿದವಳು ಅಂತ ಅರ್ಥ. ಕಡಲಂಚಿನ ಊರುಗಳಲ್ಲಿ ಒಂದು ಕಾಲಕ್ಕೆ ಮನೆಗೊಬ್ಬಳು ಇರ್ತಿದ್ಲಂತೆ," ಎಂದರು.

"ಈಗ್ಯಾಕೆ ಯಾರೂ ಇಡಲ್ಲ ಗುರುಗಳೇ?"

"ಕಾಲ," ಎಂದರು ವಾಚಕರು, ಬೇರೆಲ್ಲೋ ನೋಡುತ್ತ. "ಕಾಲ ಅಂತ ಒಂದಿರುತ್ತಲ್ಲ."

ಹುಟ್ಟನ್ನು ಬರೆಸಲು ಹೋದಾಗ ಕಚೇರಿಯ ಗುಮಾಸ್ತ ಪೆನ್ನು ನಿಲ್ಲಿಸಿ, "ಇದೆಂಥ ಹೆಸರ್ರೀ, ಕೇಳೇ ಇಲ್ವಲ್ಲ," ಎಂದ. ಹಾಸಿಗೆಯವ ಅಲ್ಲೇ ನಿಂತು ಅವನಿಗೆ ಪದ್ಯವನ್ನು ಹೇಳಿ, ಅರ್ಥವನ್ನೂ ಬಿಡಿಸಿದ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಅವನ ಜೀವಮಾನದಲ್ಲಿ ಅಷ್ಟು ಬೀಗಿದ್ದು ಅದೊಂದೇ ದಿನ.

ಕಾವ್ಯ ಕೊನೆಗೆ ಬಂದಾಗ ಕೂಸು ಬೋರಲು ಬೀಳುತ್ತಿತ್ತು. ತನ್ನ ಹೆಸರು ತಾನೇ ಕೇಳಲಿ ಎಂದು ಅವನು ಅದನ್ನೂ ಎತ್ತಿಕೊಂಡು ಹೋಗಿದ್ದ. ಆ ಸಂಜೆಯ ಪದ್ಯದಲ್ಲಿ ಬಿರುಗಾಳಿ ಎದ್ದಿತು. ಗುಡ್ಡದ ಮೇಲೆ ಅವಳು ದೀಪಕ್ಕೆ ಮೈಯೊಡ್ಡಿ ಕಾಯುತ್ತಿದ್ದಾಳೆ. ಕೆಳಗೆ ಮನೆಯಲ್ಲಿ ಅವಳ ಮಗು ಜ್ವರದಲ್ಲಿ ಸುಡುತ್ತ ಅಳುತ್ತಿದೆ. ಒಂದೇ ಒಂದು ಗಳಿಗೆ, ಮಗುವಿನ ಬಾಯಿಗೆ ನೀರು ಬಿಟ್ಟು ಬರುತ್ತೇನೆಂದು ಅವಳು ಇಳಿದಳು. ದೀಪ ಆರಿತು. ದೋಣಿಗಳೆಲ್ಲ ಬಂಡೆಗೆ ಬಡಿದು ಒಡೆದವು. ಇಡೀ ಊರಿನ ಗಂಡಸರು ಹೋದರು.

ವಾಚಕರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಹಾಸಿಗೆಯವ ಎದ್ದುಬಿಟ್ಟ. ಕೂತವರ ಕಾಲು ತುಳಿದು, ಕೂಸನ್ನು ಎದೆಗವುಚಿಕೊಂಡು ಹೊರಗೆ ಬಂದ. ಇನ್ನೇನು ಕೇಳುವುದಿತ್ತು? ಊರು ಮುಳುಗಿಸಿದವಳ ಹೆಸರನ್ನು ತಂದು ಕೂಸಿಗೆ ಕಟ್ಟಿದ್ದ. ಮನೆಗೆ ಹೋಗುವ ದಾರಿಯಲ್ಲೇ ಅದನ್ನು ಬಾಯಿಂದ ಇಳಿಸಿದ. ಬಾಗಿಲು ತೆರೆದ ಹೆಂಡತಿಯ ಕೈಗೆ ಕೂಸನ್ನು ಕೊಡುತ್ತ, "ತಗೋ, ಅರಳೆ ಮೂಟೆ," ಎಂದ. ಅಷ್ಟೆ. ಅಂದಿನಿಂದ ಅವಳು ಅರಳೆ.

ಮೂರು ನಾಲ್ಕು ವರ್ಷ ಅವನು ಪದ್ಯದ ಮನೆಯ ಕಡೆ ತಲೆಹಾಕಲಿಲ್ಲ. ಆಮೇಲೆ ತಡೆಯಲಾಗಲಿಲ್ಲ, ಹೋದ. ಮಗಳೂ ಬೆನ್ನು ಹತ್ತಿದಳು. ವಾಚಕರು ಅವನು ಕೂತಿದ್ದಾಗ ಆ ಕಾವ್ಯವನ್ನು ಮುಟ್ಟುತ್ತಿರಲಿಲ್ಲ. ಇಬ್ಬರ ನಡುವೆ ಮಾತಿಲ್ಲದೆ ಆದ ಒಪ್ಪಂದ ಅದು. ಬೇರೆ ಪದ್ಯಗಳಿಗೆ ಅವನು ಮೆಲ್ಲಗೆ ದನಿಗೂಡಿಸುತ್ತಿದ್ದರೆ, ಮಗಳು ಹಿಂದಿನಿಂದ ಅವನ ಬೆನ್ನಿಗೆ ಕೆನ್ನೆ ಆನಿಸಿ ಕೂತಿರುತ್ತಿದ್ದಳು. "ಅಲ್ಲಿಂದ ಏನು ಕೇಳುತ್ತೆ?" ಎಂದರೆ, "ಅಲ್ಲಿ ಪದ್ಯ ಬಾಯಿಗೆ ಬರೋಕೆ ಮುಂಚೇನೇ ಕೇಳುತ್ತೆ," ಎನ್ನುತ್ತಿದ್ದಳು. ಕೇಳಿದ್ದನ್ನು ಮರುದಿನ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು ಕೂಡ. ನನ್ನ ಹೆಸರಿನ ಪದ್ಯ ಯಾವಾಗ ಎಂದು ಕೇಳಿದಾಗೆಲ್ಲ, ಗುರುಗಳಿಗೆ ಮರೆತುಹೋಗಿದೆಯಂತೆ ಎಂದು ಸುಳ್ಳು ಹೇಳುತ್ತಿದ್ದ.

ಈಗ ಜಗಲಿಯಲ್ಲಿ ಹೊಸ ಹತ್ತಿ ತುಂಬಿಯಾಗಿತ್ತು. ಸೊಸೆ ಟೀ ತಂದಿಟ್ಟು ಹೋದಳು. ಮಗಳು ಲೋಟ ಎತ್ತಿಕೊಂಡವಳು ಅಪ್ಪನ ಪಕ್ಕ ಕೂರದೆ ಸೀದಾ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಹಾಸಿಗೆಯವನ ಕೈಯಲ್ಲಿ ದಬ್ಬಣ ನಿಂತಿತು.

"ತಾತ," ಎಂದಳು, ಕಿವಿ ಮಂದವಾದವರ ತುಸು ದೊಡ್ಡ ದನಿಯಲ್ಲಿ. "ಸೋಮವಾರ ನನ್ನ ಇನ್ನೊಂದು ಕಿವೀನೂ ತೆಗೀತಾರೆ. ಅದಕ್ಕೆ ಮುಂಚೆ ನನ್ನ ಹೆಸರಿನ ಪದ್ಯ ಒಂದ್ಸಲ ಕೇಳಿಸ್ಬಿಡಿ. ಮರೆತಿದ್ದೀನಿ ಅಂತ ಮಾತ್ರ ಹೇಳ್ಬೇಡಿ, ನಾನು ನಂಬಲ್ಲ."

"ಅರಳೆ, ಗುರುಗಳಿಗೆ ಆಯಾಸ ಆಗುತ್ತೆ," ಎಂದು ಅವನು ಜಗಲಿಯಿಂದ ಕೂಗಿದ. ಅವಳ ಎಡಗಿವಿ ಅವನ ಕಡೆಗಿತ್ತು. ಕೇಳಲಿಲ್ಲ, ಕೇಳಿದರೂ ಕೇಳದಂತಿದ್ದಳೋ ಏನೋ.

ವಾಚಕರು ಬಾಗಿಲಾಚೆ ಅವನನ್ನು ನೋಡಿದರು. "ಹಾಸಿಗೆ, ನೀನು ಅವತ್ತು ನಡುವೆ ಎದ್ದುಹೋದೆ. ಕಾವ್ಯ ಕೇಳೋರು ಹಾಗೆ ಮಾಡಬಾರದಪ್ಪ," ಎಂದರು. ಬೈಗುಳವಿರಲಿಲ್ಲ, ಹಳೆಯ ಬಾಕಿಯೊಂದನ್ನು ನೆನಪಿಸಿದಂತಿತ್ತು. ಆಮೇಲೆ ಮಗಳ ಕಡೆ ತಿರುಗಿ, "ಹತ್ತಿರ ಬಾ," ಎಂದರು.

ಅವಳು ಮಂಚದ ಪಕ್ಕ ಮಂಡಿಯೂರಿ ಬಲಗಿವಿಯನ್ನು ಅವರ ತುಟಿಗೆ ತಾಗುವಷ್ಟು ಬಗ್ಗಿಸಿದಳು. ದನಿ ಹಿಂದಿನದಲ್ಲ, ಹರಿದ ಜಾಲರಿಯಂಥದು. ಆದರೂ ತಾಳ ತಪ್ಪಲಿಲ್ಲ. ದೀಪ ಎತ್ತಿದಳು, ಕಾದಳು, ಗಾಳಿ ಎದ್ದಿತು, ಮಗು ಅತ್ತಿತು. ಹಾಸಿಗೆಯವ ಜಗಲಿಯಲ್ಲೇ ಕೂತು ಹೊಲಿಗೆ ಹಾಕುತ್ತಿದ್ದ. ಈ ಸಲ ಎದ್ದು ಹೋಗಲು ಜಾಗವಿರಲಿಲ್ಲ. ಹಾಸಿಗೆ ಅರ್ಧ ಬಾಯಿ ತೆರೆದು ಅವನ ಕಾಲ ಮೇಲಿತ್ತು. ದೋಣಿಗಳು ಒಡೆದವು. ವಾಚಕರು ಅದೇ ಜಾಗದಲ್ಲಿ, ಅದೇ ರೀತಿ ಉಸಿರಿಗೆ ನಿಂತರು. ಆಮೇಲೆ ಅವನು ಎಂದೂ ಕೇಳದ ಪದ್ಯ ಬಂತು.

ಕೊಲ್ಲಲಿಲ್ಲವು ಊರು ಅವಳನು
ಕಲ್ಲನೆಸೆಯದು, ತಡೆಯಲಿಲ್ಲವು
ಎಲ್ಲ ಬಾಯೊಳು ಹೆಸರದೊಂದೇ ನಂದಿ ಹೋಗಿತ್ತು

"ಅಂದ್ರೆ?" ಎಂದಳು ಮಗಳು.

"ಅಂದ್ರೆ, ಅವಳಿಗೆ ಯಾರೂ ಏನೂ ಮಾಡಲಿಲ್ಲಮ್ಮ. ಮರುದಿನ ಸಂಜೆ ಅವಳು ಮತ್ತೆ ಗುಡ್ಡ ಹತ್ತಿದಳು, ದೀಪ ಹಚ್ಚಿದಳು. ಕೂದಲು ಹಣ್ಣಾಗೋ ತನಕ ಹಚ್ಚಿದಳು. ಆ ಬೆಳಕು ಹಿಡ್ಕೊಂಡೇ ಊರಿನ ಹುಡುಗರು ದೋಣಿ ನಡೆಸಿದ್ರು. ಅನ್ನ ನೀರು ಎಲ್ಲಾ ಕೊಟ್ರು. ಹೆಸರು ಹಿಡಿದು ಮಾತ್ರ ಯಾರೂ ಕರೀಲಿಲ್ಲ. ಅವಳು ಸತ್ತ ಮೇಲೆ ಹೆಣ್ಣುಮಕ್ಕಳಿಗೆ ಆ ಹೆಸರು ಇಡೋದನ್ನೂ ಬಿಟ್ರು. ಹಾಗೇ ಹೋಗಿಬಿಡ್ತು." ವಾಚಕರು ದಣಿದು ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಹೇಳಿದರು: "ನಿಮ್ಮಪ್ಪ ಬಂದು, ಮಗಳಿಗೆ ಇದೇ ಹೆಸರು ಅಂದಾಗ ನಾನು ಮುಂದಿನ ಕಥೆ ಹೇಳಿ ಎಚ್ಚರಿಸಬೇಕಿತ್ತು. ಹೇಳಲಿಲ್ಲ. ಎಷ್ಟು ತಲೆಮಾರಾದ ಮೇಲೆ ಯಾರೋ ಒಬ್ಬ ಕರೀತಾನಲ್ಲ ಅಂತ ಆಸೆ ಆಯ್ತು ನನಗೆ."

ಮಗಳು ತನ್ನ ಸೆರಗಿನಿಂದ ಅವರ ಬಾಯಂಚನ್ನು ಒರೆಸಿದಳು.

"ಮಗು ಉಳೀತಾ ತಾತ?"

"ಯಾವ ಮಗು?"

"ಜ್ವರ ಬಂದಿತ್ತಲ್ಲ. ನೀರು ಕುಡಿಸೋಕೆ ಇಳಿದು ಹೋದಳಲ್ಲ."

ವಾಚಕರು ಕಣ್ಣು ತೆರೆದು ಅವಳನ್ನೇ ನೋಡಿದರು. "ಪದ್ಯದಲ್ಲಿ ಇಲ್ಲಮ್ಮ," ಎಂದರು ಕೊನೆಗೆ. "ನಾನು ಇಷ್ಟು ವರ್ಷ ಓದಿದೆ. ಯಾರೂ ಕೇಳಲೂ ಇಲ್ಲ."

ಜಗಲಿಯಲ್ಲಿ ದಬ್ಬಣ ಹಾಸಿಗೆಯವನ ಹೆಬ್ಬೆರಳಿಗೆ ಚುಚ್ಚಿತ್ತು. ಹೊಸ ಬಟ್ಟೆಗೆ ರಕ್ತ ತಾಗದಿರಲೆಂದು ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತ.

ಹಾಸಿಗೆ ಹಾಸಿ, ವಾಚಕರನ್ನು ಎತ್ತಿ ಮಲಗಿಸಿ, ಇಬ್ಬರೂ ಹೊರಬಿದ್ದಾಗ ಬಿಸಿಲು ಇಳಿದಿತ್ತು. ಬಿಲ್ಲು ಈಗ ಅವನ ಹೆಗಲ ಮೇಲಿತ್ತು. ಅಪ್ಪ ತನ್ನ ಬಲಕ್ಕೆ ಬರುವಂತೆ ಮಗಳು ರಸ್ತೆಯ ಬದಿ ಬದಲಿಸಿದಳು. ಸೈಕಲ್ಲುಗಳು, ತರಕಾರಿ ಗಾಡಿಗಳು, ಶಾಲೆ ಬಿಟ್ಟ ಮಕ್ಕಳು ಎದುರಾದರು.

"ಅಪ್ಪ, ನೀನು ನನ್ನ ಹೆಸರು ಕರೆದದ್ದು ನನಗೆ ಒಂದ್ಸಲಾನೂ ನೆನಪಿಲ್ಲ."

"ದಿನಾ ಕರೀತೀನಲ್ಲೇ, ಅರಳೆ ಅರಳೆ ಅಂತ. ಅದು ಹೆಸರಲ್ವಾ?"

"ಅದು ಹತ್ತಿ."

ಅವನಿಗೆ ನಗು ಬಂತು, ಅರ್ಧಕ್ಕೆ ನಿಂತಿತು. "ಸ್ಕೂಲಲ್ಲಿ ಕರೀತಿದ್ರಲ್ಲ. ಆಸ್ಪತ್ರೇಲಿ ನರ್ಸಮ್ಮ ಕರೀತಾಳಲ್ಲ."

"ಅವರು ಓದ್ತಾರೆ ಅಪ್ಪ. ಚೀಟಿ ನೋಡ್ಕೊಂಡು ಓದ್ತಾರೆ. ಕರೆಯೋದು ಬೇರೆ." ಅವಳು ಒಂದು ಕಲ್ಲನ್ನು ಕಾಲಿಂದ ಸರಿಸಿದಳು. "ಅಮ್ಮ ಕರೀತಿದ್ಳು. ನೀನು ಅಂಗಡಿಗೆ ಹೋದ ಮೇಲೆ."

"ನಿಮ್ಮಮ್ಮನಾ?"

"ಹ್ಞೂಂ. ತಲೆ ಬಾಚೋವಾಗ. ನಿಮ್ಮಪ್ಪನ ಮುಂದೆ ಬೇಡ, ಪಾಪ ಹೆದರ್ತಾನೆ ಅಂತಿದ್ಳು. ನೀವೆಲ್ಲ ಅರಳೆ ಅಂದ್ರೆ ನಾನು 'ಏನು' ಅಂತೀನಿ ನೋಡು. ಅಮ್ಮ ಹೆಸರು ಹಿಡಿದು ಕರೆದ್ರೆ ಮಾತ್ರ 'ಓ' ಅಂತಿದ್ದೆ. ಅಮ್ಮ ಹೋದ ಮೇಲೆ ಓ ಅನ್ನೋ ಕೆಲಸಾನೇ ಬರಲಿಲ್ಲ."

ಹಾಸಿಗೆಯವ ಬಿಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. ತಂತಿ ತಾನಾಗಿ ಮಿಡಿಯಿತು.

"ಊರಿನೋರು ಆ ದೀಪದವಳಿಗೆ ಸಿಟ್ಟಲ್ಲಿ ಹಾಗೆ ಮಾಡಿದ್ರು," ಎಂದಳು ಮಗಳು. "ನೀನು ಪ್ರೀತೀಲಿ ಮಾಡಿದೆ. ನನಗೆ ಗೊತ್ತು. ಆದ್ರೂ ಸೋಮವಾರಕ್ಕೆ ಮುಂಚೆ ಒಂದ್ಸಲ ಕರಿ ಅಪ್ಪ. ನಿನ್ನ ದನೀಲಿ ಹೇಗಿರುತ್ತೆ ಅಂತ ಇಟ್ಕೊಂಡು ಹೋಗ್ತೀನಿ."

ಕರೆಯುತ್ತೇನೆ ಎಂದ. ಮನೆಗೆ ಹೋಗಿ ಕರೆಯುತ್ತೇನೆ, ನಡುಬೀದಿಯಲ್ಲಿ ಏನು ಎಂದ. ಮನೆಗೆ ಬಂದರು. ಒಲೆ ಹಚ್ಚಿದಳು, ಉಂಡರು, ಪಾತ್ರೆ ತೊಳೆದಳು. ಬಾಯಿಯ ಬಾಗಿಲ ತನಕ ಬಂದದ್ದು ಅಲ್ಲೇ ಕೂತಿತು. ಶುಕ್ರವಾರ ಅಂಗಡಿಯ ಒಳಗೆ, ಹತ್ತಿಮೂಟೆಗಳ ಹಿಂದೆ ಹೋಗಿ ಬಾಯಿ ತೆರೆದು ನೋಡಿದ. ದೋಣಿಗಳು ಕಂಡವು. ಇಷ್ಟು ವರ್ಷ ಕರೆಯದೆ ಕಾಪಾಡಿಕೊಂಡು ಬಂದದ್ದು. ಈಗ, ಅವಳ ತಲೆಯನ್ನು ಕೊಯ್ಯಲು ಹೊರಟಿರುವಾಗ, ಈ ಮೂರು ದಿನದಲ್ಲಿ ಕರೆದು, ಏನಾದರೂ ಹೆಚ್ಚುಕಮ್ಮಿಯಾದರೆ? ಅದು ಪದ್ಯ, ಬರೀ ಪದ್ಯ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅವನು ಪದ್ಯವನ್ನು ಬರೀ ಪದ್ಯ ಎಂದುಕೊಂಡು ಕೇಳಿದವನೇ ಅಲ್ಲ. ಆಪರೇಷನ್ ಮುಗಿಯಲಿ, ಜೀವ ಗಟ್ಟಿಯಾಗಲಿ, ಆಮೇಲೆ ನಿಶ್ಚಿಂತೆಯಾಗಿ ಕರೆದರಾಯಿತು ಎಂದು ಮನಸ್ಸು ಹೇಳಿತು. ಆಮೇಲೆ ಕರೆದರೆ ಯಾರಿಗೆ ಕೇಳಬೇಕು ಎಂಬುದು ಅದೇ ಮನಸ್ಸಿಗೆ ಗೊತ್ತಿತ್ತು.

ಮಗಳು ಮತ್ತೆ ಕೇಳಲಿಲ್ಲ. ಆದರೆ ಅವನು ಗಂಟಲು ಸರಿಮಾಡಿಕೊಂಡಾಗೆಲ್ಲ ಅವಳು ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಬಲಗಿವಿಯನ್ನು ತುಸು ಅವನ ಕಡೆ ತಿರುಗಿಸುತ್ತಿದ್ದಳು. ಅವನು ಹವೆಯ ಬಗ್ಗೆಯೋ, ಬಟ್ಟೆ ತರುವ ಬಗ್ಗೆಯೋ ಏನೋ ಒಂದು ಹೇಳಿ ಮುಗಿಸುತ್ತಿದ್ದ.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ತೊಡಿಸಿ, ಅರ್ಧ ತಲೆ ಬೋಳಿಸಿ, ಗಾಲಿಯ ಮಂಚದಲ್ಲಿ ಮಲಗಿಸಿದ್ದರು. ನರ್ಸು ಚೀಟಿ ನೋಡಿ ಹೆಸರನ್ನು ಓದಿದಳು, ತಡವರಿಸಿದಳು, ಮತ್ತೆ ಓದಿದಳು. "ನಾನೇ," ಎಂದಳು ಮಗಳು. ಮಂಚ ಉದ್ದನೆಯ ಓಣಿಯಲ್ಲಿ ಉರುಳಿತು. ಹಾಸಿಗೆಯವ ಬಲಗಡೆ ಕಂಬಿ ಹಿಡಿದು ಜೊತೆಗೇ ನಡೆದ. ಮಂಚದ ಮೇಲಿನ ಹಾಸಿಗೆಯನ್ನು ಅವನ ಕೈ ತಾನಾಗಿ ಒತ್ತಿನೋಡಿತು: ತೆಳು, ಎರಡು ಕಡೆ ಒಳಗೆ ಗಂಟು. ಇಂಥದರ ಮೇಲೆ ಮಲಗಿಸಿದ್ದಾರಲ್ಲ ಎಂದುಕೊಂಡ. ಗಾಜಿನ ಬಾಗಿಲ ಮುಂದೆ ಮಂಚ ನಿಂತಿತು.

"ಇಲ್ಲಿಂದ ಮುಂದೆ ನೀವು ಬರೋ ಹಾಗಿಲ್ಲ ಯಜಮಾನ್ರೇ," ಎಂದಳು ನರ್ಸು. "ಏನಾದ್ರೂ ಹೇಳೋದಿದ್ರೆ ಹೇಳಿ."

ಮಗಳು ತಲೆಯನ್ನು ಎಡಕ್ಕೆ ವಾಲಿಸಿ ಬಲಗಿವಿಯನ್ನು ಮೇಲೆ ಮಾಡಿಕೊಟ್ಟಳು. ಕಣ್ಣು ಮುಚ್ಚಿದಳು. ಅವನು ಬಗ್ಗಿದ. ಅವಳ ಕಿವಿಯ ಹಿಂದೆ, ಬೋಳಿಸಿದ ಜಾಗದಲ್ಲಿ, ಹುಟ್ಟಿದಾಗಿನಿಂದ ಇದ್ದ ಮಚ್ಚೆ ಕಂಡಿತು. ಅದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ತುಟಿ ಹೆಸರಿನ ಮೊದಲ ಅಕ್ಷರಕ್ಕೆ ಕೂಡಿತು.

"ಅರಳೆ," ಎಂದ. "ಹೆದರಬೇಡ."

ಅವಳು ಕಣ್ಣು ತೆರೆದಳು. ಸಿಟ್ಟಿರಲಿಲ್ಲ. ಕೈಯೆತ್ತಿ ಅವನ ಮೀಸೆಯಲ್ಲಿ ಸಿಕ್ಕಿದ್ದ ಹತ್ತಿಯ ಎಳೆಯೊಂದನ್ನು ತೆಗೆದಳು. "ನೀನೂ ಹೆದರಬೇಡ ಅಪ್ಪ," ಎಂದಳು. ಅವಳು ಕೇಳಿಸಿಕೊಂಡ ಅವನ ಕೊನೆಯ ಮಾತು ಆ 'ಹೆದರಬೇಡ' ಆಯಿತು.

ಜೀವ ಉಳಿಯಿತು. ಡಾಕ್ಟರು ಬೆನ್ನು ತಟ್ಟಿ, ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು ಎಂದರು. ಮಳೆಗೆ ಮುಂಚೆ ಮನೆಗೆ ಬಂದರು. ನಡೆಯುವಾಗ ಮಗಳಿಗೆ ತೂಗಿದಂತಾಗುತ್ತಿತ್ತು. ಗೋಡೆ ಹಿಡಿದು ನಡೆದಳು, ಆಮೇಲೆ ಬಿಟ್ಟು ನಡೆದಳು. ಮಾತು ಹಾಗೇ ಇತ್ತು, ಬರಬರುತ್ತ ತುಸು ಏರಿ ಇಳಿದು, ಅಳತೆ ತಪ್ಪಿ ಬರುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಬರತೊಡಗಿದಳು. ಗಿರಾಕಿಗಳು ಸನ್ನೆ ಮಾಡಿದರು, ಬೇಕಾದ ಅಳತೆಯನ್ನು ಕೈಯಗಲಿಸಿ ತೋರಿಸಿದರು. ಬೀಗದವ ಮೊದಲ ದಿನ ಕಣ್ಣೊರೆಸಿಕೊಂಡ. ಎರಡನೆಯ ದಿನ, "ಇನ್ನು ನನ್ನ ಗೊರಕೆಗೆ ಬೆಲೆ ಕೊಡೋರು ಯಾರೂ ಇಲ್ಲ," ಎಂದು ಗಾಳಿಗೆ ಹೇಳಿದ.

ಒಂದು ಸಂಜೆ ಅವಳು ಅಂಗಡಿಯ ಹೊಸ್ತಿಲಲ್ಲಿ ಬೀದಿ ನೋಡುತ್ತ ನಿಂತಿದ್ದಳು. ಶಾಲೆ ಬಿಟ್ಟಿತ್ತು. ಮಕ್ಕಳು ಬಾಯಿ ತೆರೆದು ಮುಚ್ಚಿ ಓಡುತ್ತಿದ್ದರು. ಹಾಸಿಗೆಯವ ಒಳಗೆ ಹೊಸ ಹಾಸಿಗೆಯೊಂದನ್ನು ಹೊಲಿಯಲು ದಾರ ಪೋಣಿಸುತ್ತಿದ್ದ. ಅವಳ ಬೆನ್ನು, ಬಟ್ಟೆ ಕಟ್ಟಿದ ತಲೆ, ಬಾಗಿಲಿನ ಕಂಬಕ್ಕೆ ಒತ್ತಿಹಿಡಿದ ಒಂದು ಕೈ. ಕತ್ತಲಾಗುತ್ತಿದೆ, ಒಳಗೆ ಬಾ ಎನ್ನಬೇಕಿತ್ತು. ಅದರ ಬದಲು ಹೆಸರು ಬಂತು. ಯಾವ ಅಡ್ಡಿಯೂ ಇಲ್ಲದೆ, ದಿನಾ ಕರೆಯುತ್ತಿದ್ದವನಂತೆ, ಪೂರ್ತಿಯಾಗಿ ಬಂತು. ಅವನಿಗೇ ತನ್ನ ದನಿ ಗುರುತು ಸಿಗಲಿಲ್ಲ.

ಅವಳು ತಿರುಗಲಿಲ್ಲ. ಮಕ್ಕಳನ್ನು ನೋಡುತ್ತಲೇ ಇದ್ದಳು.

ಪಕ್ಕದಿಂದ ಬೀಗದವ ತಲೆ ಹೊರಹಾಕಿದ. "ಯಾರನ್ನಯ್ಯಾ ಕರೆದದ್ದು?"

"ನನ್ನ ಮಗಳನ್ನ," ಎಂದ ಹಾಸಿಗೆಯವ.

ಬೀಗದವ ಅವನನ್ನೂ ನೋಡಿದ, ಹೊಸ್ತಿಲ ಮೇಲಿದ್ದವಳನ್ನೂ ನೋಡಿದ. ಮೆಲ್ಲಗೆ ತಲೆ ಒಳಗೆಳೆದುಕೊಂಡ.

ಹಾಸಿಗೆಯವ ಕೆಲಸಕ್ಕೆ ಬಗ್ಗಿದ. ಹಾಸಿಗೆಯ ನಡುವಿನ ಗುಂಜುಗಳನ್ನು ಹಾಕುವುದಿತ್ತು. ದಬ್ಬಣವನ್ನು ಮೇಲಿನಿಂದ ಇಳಿಸಿ, ಕೆಳಗಿನಿಂದ ಎತ್ತಿ, ಹತ್ತಿ ಕದಲದಂತೆ ದಾರ ಬಿಗಿಯುವ ಕೆಲಸ, ಮೈಯೆಲ್ಲ ಬಾಗಬೇಕು. ಕಣ್ಣು ಮಂಜಾಗಿ ತೂತು ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಚುಚ್ಚಿದ. ಹಿಂದೆ ಹೆಜ್ಜೆಯ ಸದ್ದಾಯಿತು, ಬಟ್ಟೆ ಸರಿಯಿತು. ಮಗಳು ಬಂದು ಅವನ ಹಿಂದೆ, ಹತ್ತಿಯ ರಾಶಿಯ ಮೇಲೆ ಕೂತಳು. ಆಮೇಲೆ ಪದ್ಯದ ಮನೆಯಲ್ಲಿ ಕೂರುತ್ತಿದ್ದಂತೆ ಅವನ ಬೆನ್ನಿಗೆ, ಎರಡು ರೆಕ್ಕೆಮೂಳೆಗಳ ನಡುವೆ, ಕೆನ್ನೆ ಆನಿಸಿದಳು.

ಅವನು ಅಲುಗಾಡಲಿಲ್ಲ. ಕೆನ್ನೆಯ ಬಿಸಿ ಅಂಗಿಯನ್ನು ದಾಟಿ ಬಂತು. ಉಸಿರೆಳೆದುಕೊಂಡ. ಬೀದಿಗಲ್ಲ, ಗೋಡೆಗಲ್ಲ, ತನ್ನ ಎದೆಯ ಒಳಕ್ಕೇ ಹೇಳುವಂತೆ, ನಿಧಾನವಾಗಿ, ಒಂದಕ್ಷರವನ್ನೂ ನುಂಗದೆ ಅವಳ ಹೆಸರನ್ನು ಕರೆದ.

ಏನೂ ಆಗಲಿಲ್ಲ. ಬೀದಿಯ ದೀಪ ಹತ್ತಿತು. ಅವನು ಮತ್ತೊಮ್ಮೆ ಕರೆದ.

"ಓ," ಎಂದಳು ಬೆನ್ನ ಹಿಂದಿನಿಂದ, ಸಣ್ಣ ಅಂಗಡಿಗೆ ತುಸು ಹೆಚ್ಚೇ ಆದ ದನಿಯಲ್ಲಿ.

ದಬ್ಬಣ ಹಾಸಿಗೆಯ ನಡುವೆ ಅರ್ಧ ಇಳಿದು ಹಾಗೇ ನಿಂತಿತ್ತು. ಅದರ ಕಣ್ಣಿನಿಂದ ಇಳಿಬಿದ್ದ ದಾರ ಇನ್ನೂ ಸ್ವಲ್ಪ ತೂಗುತ್ತಿತ್ತು.